ಬಾಲ್ಕನಿಗೆ ಬಂದ ಬ್ಯಾಬಿಲೋನು

ಕನ್ನಡಕದಣ್ಣ ಸತ್ತ ಸುದ್ದಿ ಕನ್ನಡಕದಣ್ಣನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು. ಆ ಹೊತ್ತಿಗೆ ಅವನು ತಲೆಯ ಮೇಲೊಂದು ಕಿರೀಟ, ಹೊಟ್ಟೆಯವರೆಗೆ ಇಳಿಬಿದ್ದ ಗಡ್ಡ ಧರಿಸಿ, ತನ್ನ ಮನೆಯ ಮೆಟ್ಟಿಲನ್ನೇ ಹತ್ತುತ್ತಿದ್ದ.

ಇಂಥ ಸ್ಥಿತಿಗೆ ಒಬ್ಬ ಸಂಸಾರಸ್ಥ ಹೇಗೆ ಬಂದ ಎಂಬುದನ್ನು ಹೇಳಬೇಕು. ದೊಡ್ಡ ರಸ್ತೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಹಿಂದೊಮ್ಮೆ ಇತಿಹಾಸದ ಪ್ರೊಫೆಸರೊಬ್ಬರು ಅಲ್ಲಿಗೆ ಬಂದು ಗಾಜು ಬದಲಾಯಿಸಿಕೊಂಡಿದ್ದರು. ಗೋಡೆಯ ಹಲಗೆಯಲ್ಲಿದ್ದ ಕೊನೆಯ ಸಾಲಿನ ಅಕ್ಷರಗಳು ಕಂಡ ಸಂತೋಷಕ್ಕೆ, "ನಿಮ್ಮಂಥೋರು ಇತಿಹಾಸ ಓದ್ಬೇಕಿತ್ತು ಕಣ್ರೀ" ಎಂದು ಬಾಯಿಮಾತಿಗೆ ಹೇಳಿ ಹೋದರು. ಬಾಯಿಮಾತಿಗೆ ಹೇಳಿದ್ದನ್ನು ಎದೆಗೆ ಹಚ್ಚಿಕೊಳ್ಳುವುದು ಕನ್ನಡಕದಣ್ಣನ ಜಾಯಮಾನ. ಅಂದಿನಿಂದ ಅವನು ಗಿರಾಕಿಗಳ ಕಣ್ಣಿಗೆ ಬೆಳಕು ಬಿಟ್ಟು ನೋಡುವಾಗಲೂ ಅದರೊಳಗೆ ಯಾವುದೋ ಹಾಳುನಗರ ಕಂಡವನಂತೆ "ಹೂಂ..." ಎನ್ನತೊಡಗಿದ.

ಗಂಡಹೆಂಡತಿ ಸೇರಿ ಮಕ್ಕಳಿಬ್ಬರನ್ನೂ ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದ್ದರು. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಹೆಂಡತಿ ಹಲ್ಲಿನ ಡಾಕ್ಟರು. ಗಣಿತ, ವಿಜ್ಞಾನ ಅವಳ ಪಾಲು. ಜೊತೆಯಲ್ಲೇ ಇದ್ದ ಅವಳ ಅಮ್ಮ ಓದು, ಬರಹ, ಕತೆ ವಹಿಸಿಕೊಂಡರು. ಇತಿಹಾಸ ಯಾರಿಗೂ ಬೇಡವಾಗಿ ಉಳಿಯಿತು. ಕನ್ನಡಕದಣ್ಣ ಅದನ್ನು ಸಿಂಹಾಸನ ಏರುವವನ ಗಾಂಭೀರ್ಯದಿಂದ ಸ್ವೀಕರಿಸಿದ.

"ನೋಡಿ," ಎಂದಿದ್ದಳು ಹೆಂಡತಿ, "ಇನ್ನೂ ಚಿಕ್ಕವು. ಒಂದು ಕತೆ ಹೇಳಿ, ಒಂದು ಚಿತ್ರ ಬರೆಸಿ, ಬಿಟ್ಬಿಡಿ. ಅತಿ ಮಾಡ್ಬೇಡಿ."

"ನಾನು ಯಾವತ್ತೇ ಅತಿ ಮಾಡಿದೀನಿ?"

ಹೆಂಡತಿ ಬಚ್ಚಲುಮನೆಯ ಕಡೆ ನೋಡಿದಳು. ಮೀನು ಸಾಕುತ್ತೇನೆಂದು ಅವನು ಬಚ್ಚಲುಮನೆಯನ್ನೇ ಕೆರೆ ಮಾಡಿದ್ದು ಇಬ್ಬರಿಗೂ ನೆನಪಿತ್ತು.

ಮೊದಲು ಈಜಿಪ್ಟು ಬಂತು. ಮನೆಯ ದಿಂಬುಗಳೆಲ್ಲ ಪಿರಮಿಡ್ಡಿಗೆ ಹೋದವು. ಕ್ಲಿನಿಕ್ಕಿನ ಬ್ಯಾಂಡೇಜು ಬಟ್ಟೆಯಲ್ಲಿ ಮಗನನ್ನು ಸುತ್ತಿದ್ದಾಯಿತು. ಅವನು ಹಾಗೇ ಹೋಗಿ ಬಾಗಿಲು ತೆರೆದದ್ದರಿಂದ ಗ್ಯಾಸ್ ಸಿಲಿಂಡರ್ ತಂದವನು ಸಿಲಿಂಡರ್ ಅಲ್ಲೇ ಬಿಟ್ಟು ಓಡಿಹೋದ. ಆಮೇಲೆ ಬಂದದ್ದು ಬ್ಯಾಬಿಲೋನು. ಕುಂಬಾರರಿಂದ ಮೂಟೆ ಜೇಡಿಮಣ್ಣು ಬಂತು. ಬಾಲ್ಕನಿಯಲ್ಲಿ ಕೋಟೆ, ಹೆಬ್ಬಾಗಿಲು, ನೀಲಿ ಬಟ್ಟೆಯ ನದಿ ಎದ್ದುನಿಂತವು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಆ ನಗರದ ರಾಜ ತನ್ನ ಕಾನೂನುಗಳನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿದ್ದನೆಂದು ಕನ್ನಡಕದಣ್ಣ ಎಲ್ಲೋ ಓದಿಬಿಟ್ಟಿದ್ದ.

ಹಾಸಿಗೆಯ ಹೊದಿಕೆ ಹೊದ್ದು, ಸೋಫಾದ ಮೇಲೆ ನಿಂತು ಅವನು ಗುಡುಗಿದ: "ಒಬ್ಬನ ಕಣ್ಣು ಕಿತ್ತವನ ಕಣ್ಣನ್ನು ಕೀಳತಕ್ಕದ್ದು! ಹಲ್ಲು ಉದುರಿಸಿದವನ ಹಲ್ಲನ್ನು ಉದುರಿಸತಕ್ಕದ್ದು!"

"ಅಂದ್ರೆ ಕಣ್ಣು ಅಪ್ಪನ ಡಿಪಾರ್ಟ್‌ಮೆಂಟು, ಹಲ್ಲು ಅಮ್ಮಂದು," ಎಂದಳು ಮಗಳು.

"ತಪ್ಪು ಯಾರದೆಂದು ಗೊತ್ತಾಗದಿದ್ದರೆ ಆರೋಪಿಯನ್ನು ನದಿಗೆ ಧುಮುಕಿಸತಕ್ಕದ್ದು! ಬದುಕಿ ಬಂದರೆ ನಿರಪರಾಧಿ!"

ಆ ದಿನ ಡಬ್ಬಿಯಲ್ಲಿದ್ದ ಬಿಸ್ಕತ್ತು ಖಾಲಿಯಾಗಿತ್ತು. ವಿಚಾರಣೆ ನಡೆಯಿತು. ಅನುಮಾನ ಅತ್ತೆಯ ಮೇಲೆ ಬಂತು. ನದಿಯಾಗಿ ಬಚ್ಚಲಿನ ಟಬ್ಬು ತುಂಬಿಸಲಾಯಿತು.

"ಅಳಿಯಂದ್ರೇ, ನನಗೆ ಮಂಡಿನೋವು," ಎಂದರು ಅತ್ತೆ. "ಬಿಸಿನೀರಾದ್ರೆ ಹೇಳಿ, ಧುಮುಕ್ತೀನಿ."

ಅಷ್ಟು ಹೇಳಿ ಒಳಗೆ ಹೋಗಿ ತಂಗಿಗೆ ಫೋನು ಮಾಡಿ, "ನೀರಿಗೆ ಬೀಳು ಅಂದ್ರು ಕಣೇ, ಅಳಿಯ ಅನ್ನಿಸಿಕೊಂಡೋರು" ಎಂದು ಬಹಳ ಹೊತ್ತು ಮಾತಾಡಿದರು.

ಮನೆ ಕಟ್ಟುವವರ ಬಗ್ಗೆಯೂ ಒಂದೆರಡು ಕಾನೂನು ಇದ್ದವು. ಅವನ್ನು ಕನ್ನಡಕದಣ್ಣ ಇನ್ನೂ ದೊಡ್ಡ ಗಂಟಲಿನಲ್ಲಿ ಓದಿದ. ಮಗಳು ಕಣ್ಣರಳಿಸಿ ಕೇಳಿದಳು. ಮಗ ತಲೆಯೆತ್ತಿ ಸೂರನ್ನು ನೋಡಿದ.

ಶಿಕ್ಷಣ ಇಲಾಖೆಯ ಪರಿವೀಕ್ಷಕಿ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಮಾತಾಡಿಸಿ, ಮನೆಪಾಠಕ್ಕೆ ಅನುಮತಿ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪದ್ಧತಿ. ಆ ಸಲ ಅವರು ಬರುವುದಾಗಿ ತಿಳಿಸಿದ್ದ ದಿನ, ಬೆಳಗ್ಗೆ ಎದ್ದ ಕನ್ನಡಕದಣ್ಣನಿಗೆ ಹೊದಿಕೆ ಸಾಲದೆನಿಸಿತು. ಅಂಗಡಿಗೆ ಹೋದವನು ಬಾಗಿಲು ತೆರೆದು, ಕೆಲಸದ ಹುಡುಗಿಗೆ "ಈಗ ಬಂದೆ" ಎಂದು ಹೇಳಿ, ಫೋನನ್ನು ಗಾಜಿನ ಮೇಜಿನ ಮೇಲೆಯೇ ಮರೆತು, ನಾಟಕದ ಬಟ್ಟೆ ಬಾಡಿಗೆಗೆ ಕೊಡುವವನ ಹತ್ತಿರ ಹೋದ.

ಅವನು ಅತ್ತ ಹೋದ, ಇತ್ತ ಬಾಲ್ಕನಿಯ ಸೂರಿನಿಂದ ಗಾರೆಯ ದೊಡ್ಡ ಹೆಂಟೆಯೊಂದು ಧೊಪ್ಪನೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬ್ಯಾಬಿಲೋನು ಮಾತ್ರ ನೆಲಸಮವಾಯಿತು. ಅಜ್ಜಿ ಒಳಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಮಲಗಿದ್ದರು, ಅವರಿಗೆ ಎಚ್ಚರವಾಗಲಿಲ್ಲ.

ಮಗಳು ಮುರಿದ ಹೆಬ್ಬಾಗಿಲನ್ನು ನೋಡಿದಳು. ಅವಳು ಅಳುವ ಹುಡುಗಿಯಲ್ಲ. ಅಪ್ಪನ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು, ಮುಖಮೈಯೆಲ್ಲ ಮಣ್ಣು ಮಾಡಿಕೊಂಡೇ ಕೆಳಗಿಳಿದಳು. ನೆಲಮಹಡಿಯ ಮನೆಯಲ್ಲಿ ಆ ಕಟ್ಟಡ ಕಟ್ಟಿದ ಕಂಟ್ರಾಕ್ಟರೇ ಇದ್ದ. ಹೊಟ್ಟೆ ಮೊದಲು ಬಂದು ಆಮೇಲೆ ಮನುಷ್ಯ ಬರುವಂಥ ಆಸಾಮಿ. ಆಗ ಅವನು ಚಹಾ ಕುಡಿಯುತ್ತ ಕೂತಿದ್ದ.

"ಕಂಟ್ರಾಕ್ಟರ್ ಅಂಕಲ್, ನ್ಯಾಯ ಹೇಳೋಕೆ ಬಂದಿದೀನಿ."

"ಬಾ ಪುಟ್ಟೀ. ಏನದು ನ್ಯಾಯ?"

"ಬಾಲ್ಕನಿ ಸೂರು ಬಿತ್ತು. ಎಲ್ಲಾ ನಾಶ."

ಲೋಟ ಅರ್ಧ ದಾರಿಯಲ್ಲಿ ನಿಂತಿತು. ಆ ಸೂರಿಗೆ ಎಷ್ಟು ಸಿಮೆಂಟು ಹೋಗಬೇಕಿತ್ತು, ಎಷ್ಟು ಹೋಗಿತ್ತು ಎಂಬುದು ಪ್ರಪಂಚದಲ್ಲಿ ಅವನೊಬ್ಬನಿಗೇ ಗೊತ್ತಿದ್ದ ವಿಷಯ.

"ಸೂರು... ಬಿತ್ತಾ?"

"ಹೂಂ. ಮನೆ ಬಿದ್ದು ಯಜಮಾನ್ರು ಸತ್ರೆ..."

'ಸತ್ರೆ' ಎಂಬುದಕ್ಕೂ 'ಸತ್ರು' ಎಂಬುದಕ್ಕೂ ಇರುವ ಅಂತರ ತುಟಿಯ ಒಂದು ಸಣ್ಣ ಚಲನೆಯದು. ಹೆದರಿದವನ ಕಿವಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು?

"ಸತ್ರಾ?" ಎಂದ ಕಂಟ್ರಾಕ್ಟರ್. "ಯಜಮಾನ್ರು ಅಂದ್ರೆ... ನಿಮ್ಮಪ್ಪಾನಾ?"

"ನಮ್ಮನೆ ಯಜಮಾನ್ರು ಅಪ್ಪ ತಾನೆ? ಅಮ್ಮ ಒಪ್ಪಲ್ಲ, ಆದ್ರೂ ಅವರೇ. ಕೇಳಿ ಅಂಕಲ್, ಕಟ್ಟಿದೋರ್ನ ಕೊಲ್ಲಬೇಕು ಅಂತ ಇದೆ."

ಲೋಟ ನೆಲಕ್ಕೆ ಬಿತ್ತು.

"ನಾನೇನು ಕೊಲ್ಲಿಸಲ್ಲ," ಎಂದು ಮಗಳು ಧೈರ್ಯ ಹೇಳಿದಳು. "ಬರೀ ಸಾಮಾನು ಹಾಳಾದ್ರೆ ಮತ್ತೆ ಕಟ್ಟಿಕೊಟ್ರೆ ಸಾಕಂತೆ. ಹೆಬ್ಬಾಗಿಲು ಮಾತ್ರ ನಾನು ಹೇಳಿದ ಹಾಗೇ..."

ಆದರೆ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕಂಟ್ರಾಕ್ಟರ್ ಬರಿಗಾಲಿನಲ್ಲಿ ಬೀದಿಗೆ ಹಾರಿ, ಎದುರುಮನೆಯಾಕೆಯ ಗೇಟು ಹಿಡಿದು, "ಅಮ್ಮಾ, ಮೇಲಿನ ಮನೆ ಕನ್ನಡಕದಣ್ಣ ಹೋಗ್ಬಿಟ್ರು! ಬಾಲ್ಕನಿ ಬಿತ್ತು!" ಎಂದು ಏದುಸಿರು ಬಿಡುತ್ತಿದ್ದ.

ಎದುರುಮನೆಯಾಕೆ ಸುದ್ದಿಯನ್ನು ಸಿಕ್ಕಿದ ಹಾಗೇ ದಾಟಿಸುವ ಹೆಂಗಸಲ್ಲ. ಕೈಯಿಂದ ಸ್ವಲ್ಪ ಹಾಕಿಯೇ ದಾಟಿಸುವವಳು. ಬೀದಿಯ ಮೂಲೆ ಮುಟ್ಟುವಷ್ಟರಲ್ಲಿ ಬಾಲ್ಕನಿ ಇಡೀ ಮಹಡಿಯಾಗಿತ್ತು. ಔಷಧಿ ಅಂಗಡಿಗೆ ಬಂದಾಗ ಕನ್ನಡಕದಣ್ಣ ಇಬ್ಬರು ಮಕ್ಕಳನ್ನೂ ಎತ್ತಿ ಆಚೆ ಎಸೆದು ತಾನು ಅದರಡಿ ಸಿಕ್ಕಿದ್ದ. ಕನ್ನಡಕದಂಗಡಿಯ ಹುಡುಗಿಗೆ ಮುಟ್ಟಿದಾಗ ಅವನ ಕೊನೆಯ ಮಾತು "ಅಂಗಡಿ ನೋಡ್ಕೋ" ಎಂದಿತ್ತು. ಅವಳು ಗೊಳೋ ಎಂದು ಅತ್ತು ಶಟರ್ ಎಳೆದಳು. ಒಳಗೆ ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದು ಊರಿನ ಇನ್ನೊಂದು ತುದಿಯಲ್ಲಿದ್ದ ಕ್ಲಿನಿಕ್ಕಿನಿಂದ, ಸುದ್ದಿ ತಲುಪಿದ್ದ ಹೆಂಡತಿ ಮಾಡುತ್ತಿದ್ದ ಕರೆ.

ಇತ್ತ ಮನೆ ತುಂಬಿತು. ಬಂದವರಿಗೆ ಮಗಳೇ ಬಾಗಿಲು ತೆರೆದಳು.

"ಅಪ್ಪ ಎಲ್ಲಮ್ಮಾ?" ಎಂದಳು ಎದುರುಮನೆಯಾಕೆ, ಸೆರಗಿಲ್ಲದಿದ್ದುದರಿಂದ ದುಪಟ್ಟಾದಲ್ಲೇ ಕಣ್ಣೊರೆಸಿಕೊಳ್ಳುತ್ತ.

"ಡ್ರೆಸ್ಸು ತರೋಕೆ ಹೋಗಿದಾರೆ. ಈಗ ಬರ್ತಾರೆ."

"ಅಯ್ಯೋ ಕಂದಾ!" ಎಂದು ಹೆಂಗಸರೆಲ್ಲ ಒಟ್ಟಿಗೆ ಅತ್ತರು. "ಪಾಪ, ಮಗೂಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಗೆ ಸಾಗಿಸಿರ್ಬೇಕು."

ದೊಡ್ಡವರ ಬುದ್ಧಿ ಕೆಟ್ಟಿದೆಯೆಂದು ಮಗಳಿಗೆ ಖಾತ್ರಿಯಾಯಿತು. ಅವಳು ಬಾಲ್ಕನಿಗೆ ಹೋಗಿ, ಹಾಳುನಗರವನ್ನು ಚಮಚದಿಂದ ಅಗೆಯತೊಡಗಿದಳು. ಸದ್ದಿಗೆ ಎದ್ದು ಬಂದ ಅಜ್ಜಿಗೆ ಜನ ವಿಷಯ ಹೇಳಿದರು. ಹೇಳಿದ ತಕ್ಷಣ ಆಕೆ ಸೋಫಾದ ಮೇಲೆ ಕುಸಿದರು. ಅದೇ ಹೊತ್ತಿಗೆ ಪರಿವೀಕ್ಷಕಿಯೂ ಬಂದರು. ಬಂದ ಗಳಿಗೆ ಸರಿಯಿಲ್ಲ ಎನ್ನಿಸಿ ಹಿಂದಿರುಗಲು ನೋಡಿದರು. ಯಾರೋ ಅವರನ್ನು ದೂರದ ನೆಂಟರೆಂದು ತಿಳಿದು ಒಳಗೆ ಕರೆದು ಕುರ್ಚಿ ಕೊಟ್ಟರು.

ನಾಟಕದ ಬಟ್ಟೆಯವನ ಹತ್ತಿರ ಬ್ಯಾಬಿಲೋನಿನ ರಾಜ ಇರಲಿಲ್ಲ. ಒಂದು ನಾಟಕದ ರಾಜನ ಕಿರೀಟ, ಇನ್ನೊಂದರ ಮಂತ್ರಿಯ ನಿಲುವಂಗಿ, ಮತ್ತೊಂದರ ಮುನಿಯ ಗಡ್ಡ ಸೇರಿಸಿ ಅವನೊಬ್ಬ ರಾಜನನ್ನು ಮಾಡಿಕೊಟ್ಟ. "ಗೋಂದು ಒಣಗ್ಬೇಕು ಸಾರ್, ಗಡ್ಡ ಈಗ ಕೀಳ್ಬೇಡಿ, ಹಾಗೇ ಹೋಗಿ" ಎಂದ. ಸ್ಕೂಟರಿನ ಮೇಲೆ ರಾಜ ಹೊರಟ. ದಾರಿಯಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ಸೀಟಿ ಊದಲು ಹೋಗಿ, ಕಿರೀಟ ಕಂಡು, ಗೊಂದಲದಲ್ಲಿ ಸೆಲ್ಯೂಟ್ ಹೊಡೆದ.

ಮೆಟ್ಟಿಲಿನ ತುಂಬ ಚಪ್ಪಲಿಗಳಿದ್ದವು. ತಿರುವಿನಲ್ಲಿ ಮೇಲಿನ ಮನೆಯ ಬ್ಯಾಂಕಿನವರು ನಿಂತಿದ್ದರು. ಕನ್ನಡಕವಿಲ್ಲದೆ ಅವರಿಗೆ ಎದುರಿನ ಗೋಡೆಯೂ ಕಾಣದು. ಕನ್ನಡಕ ರಿಪೇರಿಗೆಂದು ಕನ್ನಡಕದಣ್ಣನ ಅಂಗಡಿಯಲ್ಲೇ ಇತ್ತು.

"ಯಾಕೆ ಸಾರ್ ಇಷ್ಟು ಜನ?" ಎಂದ ರಾಜ, ಗೋಂದಿನಿಂದ ಅರ್ಧ ಅಂಟಿದ ಬಾಯಲ್ಲಿ.

"ಹೋಗ್ಬಿಟ್ರು."

"ಯಾರು?"

"ಇದೇ ಮನೆಯೋರು. ಬೆಳಗ್ಗೆ ಚೆನ್ನಾಗೇ ಇದ್ರಂತೆ."

ಕನ್ನಡಕದಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಹೆಂಡತಿ ಕ್ಲಿನಿಕ್ಕಿನಲ್ಲಿ, ತಾನು ಇಲ್ಲಿ. ಮನೆಯಲ್ಲಿದ್ದ ದೊಡ್ಡವರೆಂದರೆ ಒಬ್ಬರೇ. ಅತ್ತೆ!

"ಅಯ್ಯೋ! ಮಂಡಿನೋವು ಬಿಟ್ರೆ ಬೇರೇನೂ ಇರ್ಲಿಲ್ವಲ್ಲ!"

"ಮಂಡಿನೋವು ಬೇರೆ ಇತ್ತಾ? ಪಾಪ. ಮನುಷ್ಯರು ಒಳ್ಳೇವ್ರೇ, ಬಾಯಿ ಒಂದು ಜಾಸ್ತಿ."

"ಜಾಸ್ತೀನೇ," ಎಂದು ಅವನು ಬಿಕ್ಕಿದ. "ಆದ್ರೂ ದೊಡ್ಡ ಮನಸ್ಸು."

"ದೊಡ್ಡ ಮನಸ್ಸೇನು ಬಂತು! ನನ್ ಕನ್ನಡಕ ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಸತಾಯಿಸ್ತಾನೇ ಹೋದ್ರು. ಇನ್ಯಾರನ್ನ ಕೇಳ್ಲಿ?"

ಅತ್ತೆ ಕನ್ನಡಕದ ವ್ಯವಹಾರ ಯಾವಾಗ ಶುರುಮಾಡಿದರು ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. "ನಾನೇ ಕೊಂದೆ! ನೀರಿಗೆ ಬೀಳಿ ಅಂದಿದ್ದೇ ನಾನು!" ಎಂದು ಕೂಗುತ್ತ, ನಿಲುವಂಗಿ ಎತ್ತಿಹಿಡಿದು ಒಳಗೆ ನುಗ್ಗಿದ.

ಒಳಗೆ ಅತ್ತೆ ನಡುಮನೆಯಲ್ಲಿ ಕೂತು ಹೇಳುತ್ತಿದ್ದರು: "ಸ್ವಲ್ಪ ಅತಿ ಮಾಡ್ತಿದ್ರು, ಒಪ್ತೀನಿ. ಆದ್ರೆ ಅಂಥ ಅಳಿಯ ಯಾರಿಗೆ ಸಿಕ್ತಾರೆ? ಚಿನ್ನದಂಥ ಮನುಷ್ಯ. ಆ ಬಿಸ್ಕತ್ತು ತಿಂದಿದ್ದು ನಾನೇ ಅಂತ ಒಪ್ಪಿಕೊಂಡಿದ್ರೆ ಅವರಿಗೆ ಎಷ್ಟು ಸಮಾಧಾನ ಆಗ್ತಿತ್ತೋ ಏನೋ..."

ಈ ಮಾತಿಗಾಗಿ ಕನ್ನಡಕದಣ್ಣ ಮದುವೆಯಾದಾಗಿನಿಂದ ಕಾದಿದ್ದ. ಆದರೆ ಸವಿಯಲು ಸಮಯ ಸಿಗಲಿಲ್ಲ. ಅತ್ತೆ ತಲೆಯೆತ್ತಿದರು. ಬಾಗಿಲಲ್ಲಿ ಕಿರೀಟ, ಗಡ್ಡ, ಕೆಂಪು ನಿಲುವಂಗಿ.

"ಬಂದೇಬಿಟ್ಯಾ ಯಮರಾಯಾ!" ಎಂದು ಕಿರುಚಿದರು. "ಅಳಿಯನ್ನ ಕರ್ಕೊಂಡು ಹೋಗಿದ್ದು ಸಾಲ್ದಾ? ನಾನು ಬರಲ್ಲ! ನನಗಿನ್ನೂ ಟೈಮಿದೆ!"

ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡರು.

"ಅತ್ತೇ! ನೀವು ಬದುಕಿದೀರಾ?"

ದನಿ ಅಳಿಯನದು. ಅತ್ತೆ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟರು. "ನೀವು ಬದುಕಿದೀರಾ?" ಎಂದರು.

ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೂಲೆಯಲ್ಲಿ ಮುದುಡಿ ಕೂತಿದ್ದ ಕಂಟ್ರಾಕ್ಟರ್ ಮಾತ್ರ ಮುಂದೆ ಬಂದು ದಬಕ್ಕನೆ ರಾಜನ ಕಾಲು ಹಿಡಿದ. "ಬಿಟ್ಬಿಡಿ ಸಾರ್! ಸತ್ತ ಮೇಲೂ ಹೀಗೆ ಬರ್ಬೇಡಿ! ಬಾಲ್ಕನಿಗೆ ಮರಳು ಜಾಸ್ತಿ, ಸಿಮೆಂಟು ಕಮ್ಮಿ ಹಾಕಿದ್ದು ನಿಜ! ತಪ್ಪಾಯ್ತು!"

ಸಾವಿನ ವಿಷಯವನ್ನು ಎಲ್ಲರೂ ಅಲ್ಲಿಗೇ ಬಿಟ್ಟರು. ಬ್ಯಾಂಕಿನವರು ಗೋಡೆ ತಡವಿಕೊಂಡು ಒಳಗೆ ಬಂದು, "ಯಾವ ಬಾಲ್ಕನಿಗೆ?" ಎಂದರು.

"ಎಲ್ಲಾದಕ್ಕೂ," ಎಂದ ಕಂಟ್ರಾಕ್ಟರ್ ರಾಜನ ಪಾದಕ್ಕೆ ಮುಖವೊತ್ತಿ.

ಗಾಳಿಗೆಂದು ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಪರಿವೀಕ್ಷಕಿ ಮಗಳ ಕೈ ಹಿಡಿದು ಒಂದೇ ನೆಗೆತಕ್ಕೆ ಒಳಗೆ ಬಂದರು. ಅವರ ಹಿಂದೆಯೇ ಇನ್ನೊಂದು ಹೆಂಟೆ ಬಿದ್ದು, ಕುರ್ಚಿಯ ಒಂದು ಕಾಲು ಮುರಿಯಿತು.

ಪರಿವೀಕ್ಷಕಿ ಮುರಿದ ಕುರ್ಚಿಯನ್ನು ನೋಡಿದರು, ರಾಜನನ್ನು ನೋಡಿದರು. "ಇತಿಹಾಸದ ಮೇಷ್ಟ್ರು ಅಂದ್ರೆ ನೀವೇನಾ?"

"ಹೂಂ ಮೇಡಂ," ಎಂದ ಕನ್ನಡಕದಣ್ಣ. ಗಡ್ಡ ಒಂದು ಕಡೆ ಬಿಟ್ಟುಕೊಂಡು ನೇತಾಡುತ್ತಿತ್ತು.

"ಮಗಳು ಕೆಳಗೆ ಹೋಗಿ ಒಬ್ಬರಿಗೆ ಮರಣದಂಡನೆ ಹೇಳಿ ಬಂದಿದಾಳಂತೆ, ಅವಳೇ ಹೇಳಿದ್ಲು. ಇದು ಪಾಠಾನಾ?"

"ನಾನು ಕೊಲ್ಲಬೇಕು ಅಂತ ಹೇಳಿಲ್ಲ," ಎಂದಳು ಮಗಳು. "ಹಾಗೆ ಇದೆ ಅಂತ ಹೇಳಿದೆ. ಅವರು ಪೂರ್ತಿ ಕೇಳಿಸ್ಕೊಳ್ಳಲೇ ಇಲ್ಲ."

"ಇನ್ನೊಬ್ಬ ಮಗ ಇದಾನೆ ಅಂತ ಇತ್ತಲ್ಲ, ಎಲ್ಲಿ?"

ಆಗಲೇ ಎಲ್ಲರಿಗೂ ನೆನಪಾದದ್ದು. ಹುಡುಕಿದರು. ಊಟದ ಮೇಜಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೊಂದು ಪಾತ್ರೆ ಕವುಚಿಕೊಂಡು ಮಗ ಕೂತಿದ್ದ. ಕನ್ನಡಕದಣ್ಣ ಬಗ್ಗಿದ.

"ಯಾಕೋ ಪುಟ್ಟಾ? ಪಾತ್ರೆ ಯಾಕೆ?"

"ತಲೆ ಮೇಲೆ ಬೀಳ್ಬಾರ್ದು ಅಂತ."

"ಹೆದರ್ಕೊಂಡ್ಯಾ?"

"ನನಗಲ್ಲ," ಎಂದ ಮಗ. "ನೀನೇ ಹೇಳಿದ್ಯಲ್ಲ. ಮನೆ ಬಿದ್ದು ಯಜಮಾನನ ಮಗ ಸತ್ರೆ, ಕಟ್ಟಿದೋರ ಮಗನ್ನ ಸಾಯಿಸ್ತಾರೆ ಅಂತ. ಕಂಟ್ರಾಕ್ಟರ್ ಅಂಕಲ್ ಮಗ ನನ್ ಫ್ರೆಂಡು. ನಾನು ಸತ್ರೆ ಅವನ್ನೂ ಸಾಯಿಸ್ತಾರೆ. ಅದಕ್ಕೇ ನಾನು ಸಾಯಲ್ಲ."

ಕಂಟ್ರಾಕ್ಟರ್ ನೆಲದಿಂದ ಮುಖವೆತ್ತಿದ. ಎದ್ದು ಗೋಡೆಯ ಕಡೆ ತಿರುಗಿ ನಿಂತುಕೊಂಡ. ಅವನ ಅಗಲವಾದ ಬೆನ್ನು ಮಾತ್ರ ಅಲುಗುತ್ತಿತ್ತು.

ಆ ಕಾನೂನನ್ನು ಕನ್ನಡಕದಣ್ಣ ಸೋಫಾದ ಮೇಲೆ ನಿಂತು, ಕೈಯೆತ್ತಿ, ಎರಡು ಸಲ ಗುಡುಗಿದ್ದ. ಗುಡುಗಿ ಖುಷಿಪಟ್ಟಿದ್ದ. ಅದು ಮಗುವಿನ ಹೊಟ್ಟೆಯೊಳಗೆ ಹೋಗಿ ಕೂತದ್ದು ಅವನಿಗೆ ತಿಳಿದಿರಲಿಲ್ಲ. ಕಿರೀಟವನ್ನು ತೆಗೆದು ಪಕ್ಕಕ್ಕಿಟ್ಟು ಮೇಜಿನ ಕೆಳಗೇ ತೂರಿ ಮಗನ ಪಕ್ಕ ಕೂತ.

"ಅದು ಹಳೇ ಕಾಲದ್ದು ಪುಟ್ಟಾ. ಈಗ ಯಾರೂ ಹಾಗೆ ಮಾಡಲ್ಲ."

"ಮತ್ತೆ ಅದನ್ನ ನೀನು ಹೇಳ್ಲೇ ಇಲ್ಲ."

"ಹೇಳ್ಬೇಕಿತ್ತು," ಎಂದ ಕನ್ನಡಕದಣ್ಣ.

ಪರಿವೀಕ್ಷಕಿಯೂ ಮೊಣಕಾಲೂರಿ ಬಗ್ಗಿದರು. "ಆ ಕಾನೂನು ಸರೀನಾ ಮರೀ? ನಿನಗೇನನ್ನಿಸುತ್ತೆ?"

"ತಪ್ಪು," ಎಂದ ಮಗ, ಪಾತ್ರೆಯನ್ನು ಹಣೆಯ ಮೇಲಕ್ಕೆ ಸರಿಸಿ. "ನನ್ ಫ್ರೆಂಡು ಗಾರೆ ಕಲಸೇ ಇಲ್ವಲ್ಲ."

ಪರಿವೀಕ್ಷಕಿ ಅವನ ಕೆನ್ನೆ ತಟ್ಟಿದರು. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. "ಪಾಠ ನಿಲ್ಲಿಸ್ಬೇಡಿ," ಎಂದರು ಕನ್ನಡಕದಣ್ಣನಿಗೆ. "ಆದ್ರೆ ಆ ಕಾಲದೋರು ರೊಟ್ಟಿ ಸುಡ್ತಿದ್ರು, ಚಕ್ರ ಮಾಡ್ತಿದ್ರು, ಮಕ್ಕಳಿಗೆ ಬೊಂಬೆ ಮಾಡಿಕೊಡ್ತಿದ್ರು. ಸ್ವಲ್ಪ ಅದನ್ನೂ ಹೇಳಿ. ಕೊಲ್ಲೋದು ಕಮ್ಮಿ ಮಾಡಿ. ಇನ್ನು ಈ ಕಟ್ಟಡದ ವಿಷಯ, ಅದು ನನ್ನ ಇಲಾಖೆ ಅಲ್ಲ; ಯಾರ ಇಲಾಖೆಯೋ ಅವರಿಗೆ ಇವತ್ತೇ ಹೇಳ್ತೀನಿ."

"ಬೇಡ ಮೇಡಂ," ಎಂದ ಕಂಟ್ರಾಕ್ಟರ್, ಗೋಡೆಯ ಕಡೆ ತಿರುಗಿಯೇ. "ಈಗ್ಲೇ ಆಳು ಕರೆಸ್ತೀನಿ. ಎಲ್ಲಾ ಬಾಲ್ಕನೀನೂ ಕಿತ್ತು ಹೊಸದಾಗಿ ಕಟ್ತೀನಿ."

"ಕಟ್ಟಿ," ಎಂದರು ಪರಿವೀಕ್ಷಕಿ. "ನಾನೂ ಹೇಳ್ತೀನಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಓಡಿ ಬರುವ ಸದ್ದಾಯಿತು. ಹಲ್ಲಿನ ಡಾಕ್ಟರು ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಗವಸು, ಕತ್ತಿನಲ್ಲಿ ಮಾಸ್ಕು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಅವಳ ಹಿಂದೆ, ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದ ರೋಗಿಯೊಬ್ಬರು ಬಂದರು. ಊರಿನ ಆ ತುದಿಯಿಂದ ಅವಳನ್ನು ತಮ್ಮ ಕಾರಿನಲ್ಲಿ ಕರೆತಂದವರು ಅವರೇ.

ಯಾರೂ ಏನೂ ಹೇಳುವ ಮೊದಲೇ ಮೇಜಿನ ಕೆಳಗಿಂದ ಅರ್ಧ ಗಡ್ಡದ ತಲೆಯೊಂದು ಹೊರಬಂತು. "ಏನೂ ಆಗಿಲ್ಲ ಕಣೇ," ಎಂದಿತು. "ನಾನು ಸತ್ತಿಲ್ಲ."

ಹಲ್ಲಿನ ಡಾಕ್ಟರು ಅಳುವುದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅತ್ತೆಯೂ ಅವಳ ಬಾಲ್ಯದ ನಂತರ ನೋಡಿರಲಿಲ್ಲ. ಅವಳು ನೇರ ಬಂದು ನೆಲದ ಮೇಲೆ ಕೂತು, ಗಂಡನ ನಿಲುವಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು, ಅದರಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಕನ್ನಡಕದಣ್ಣನಿಗೆ ಆ ದಿನ ಆದ ಆಘಾತಗಳಲ್ಲೆಲ್ಲ ದೊಡ್ಡದು ಇದೇ. ಜನ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಎದುರುಮನೆಯಾಕೆ ಮಾತ್ರ, ಇಷ್ಟು ಅತ್ತದ್ದು ವ್ಯರ್ಥವಾಯಿತಲ್ಲ ಎಂಬ ಮುಖ ಮಾಡಿಕೊಂಡು ಇಳಿದಳು.

ಹತ್ತಿಯವರು ಸ್ವಲ್ಪ ಹೊತ್ತು ಕಾದು ನೋಡಿ, "ಹಾಕ್ತ್ರೇ... ನನ್ ಹಯ್ಯು?" ಎಂದರು.

"ಬಂದೆ, ಐದು ನಿಮಿಷ," ಎಂದಳು ಹೆಂಡತಿ ಮುಖವೆತ್ತದೆ. ಆಮೇಲೆ ಗಂಡನನ್ನು ಬಯ್ಯಲು ಶುರುಮಾಡಿದಳು. ಫೋನು ಮರೆತದ್ದಕ್ಕೆ, ಗಡ್ಡಕ್ಕೆ, ಮೂಟೆ ಮಣ್ಣಿಗೆ, ಮಗುವಿನ ತಲೆಯ ಮೇಲಿನ ಪಾತ್ರೆಗೆ, ಎಲ್ಲಕ್ಕೂ ಬಯ್ದಳು. ಬಯ್ಯುತ್ತಿದ್ದರೂ ಮುಷ್ಟಿ ಮಾತ್ರ ಸಡಿಲಾಗಲಿಲ್ಲ. ತೋಳಿನ ಹೊಲಿಗೆ ಚರ್ ಎಂ‍ದಿತು.

"ಮೆಲ್ಲಗೆ ಕಣೇ," ಎಂದ ಕನ್ನಡಕದಣ್ಣ. "ಬಾಡಿಗೆ ಬಟ್ಟೆ, ಹರಿದುಹೋಗುತ್ತೆ."

"ಹರಿದ್ರೆ ಹರೀಲಿ," ಎಂದು ಅವಳು ಇನ್ನೂ ಬಿಗಿಯಾಗಿ ಹಿಡಿದಳು.